ಚುಕ್ಕೆಯಿಲ್ಲದ ಗಾಜು

ಬೀಗದಕ್ಕ ಆಸ್ಪತ್ರೆಯ ಹಜಾರದ ಪೆಟ್ಟಿಗೆಯ ಮೇಲಿನ ಹೊದಿಕೆ ಎಳೆದರು. ಎಳೆದ ಕೈ ಅಲ್ಲೇ ನಿಂತುಬಿಟ್ಟಿತು.

ಗಾಜಿನ ಪೆಟ್ಟಿಗೆಯೊಳಗೆ ನೀಲಿ ಮಖಮಲ್ಲಿನ ಮೆತ್ತೆ ಇತ್ತು. ಮೆತ್ತೆಯ ನಡುವೆ ದುಂಡನೆಯ ಗುಳಿ ಇತ್ತು. ಆ ಗುಳಿಯಲ್ಲಿ ಇರಬೇಕಾಗಿದ್ದ ಚಿನ್ನದ ಪದಕ ಮಾತ್ರ ಇರಲಿಲ್ಲ.

"ಇಲ್ಲಿ ಬಾಪ್ಪ ಸ್ವಲ್ಪ," ಎಂದು ಕರೆದರು. "ನನ್ನ ಕಣ್ಣಿಗೇನಾದ್ರೂ ಆಗಿದ್ಯಾ ನೋಡು."

ಹಜಾರದ ಇನ್ನೊಂದು ಮೂಲೆಯಲ್ಲಿ ಕ್ಯಾಮೆರಾದ ಮುಕ್ಕಾಲಿ ಬಿಡಿಸುತ್ತಿದ್ದ ಫೋಟೋಗ್ರಾಫರ್ ಓಡಿಬಂದ. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಪದಕ ನಿಜವಾಗಿಯೂ ಇರಲಿಲ್ಲ. ಪೆಟ್ಟಿಗೆಯ ಹಿಂಬದಿಯ ಪುಟ್ಟ ಬಾಗಿಲಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಬೀಗದಕ್ಕ ಅದನ್ನು ಒಮ್ಮೆ ಜಗ್ಗಿದರು, ಮತ್ತೊಮ್ಮೆ ಜಗ್ಗಿದರು. ಆಮೇಲೆ ಸೊಂಟದ ಗೊಂಚಲಿಗೆ ಕೈಹಾಕಿ ಆ ಬೀಗದ ಕೀಯನ್ನು ಮುಟ್ಟಿ ನೋಡಿಕೊಂಡರು. ಅದೂ ಇತ್ತು.

"ಹಂಗಾದ್ರೆ ಹೋಗಿದ್ದೆಲ್ಲಿಂದ?" ಎಂದು ತಮ್ಮನ್ನು ತಾವೇ ಕೇಳಿಕೊಂಡರು.

ಆ ಪದಕ ಆಸ್ಪತ್ರೆಯ ಮೊದಲ ನರ್ಸಮ್ಮನದು. ನೂರು ವರ್ಷದ ಹಿಂದೆ ಸಾಂಕ್ರಾಮಿಕ ರೋಗ ಬಂದು, ಇದ್ದಬದ್ದವರೆಲ್ಲ ಊರುಬಿಟ್ಟಾಗ ಆಕೆ ಒಬ್ಬಳೇ ಇಲ್ಲಿ ಉಳಿದಿದ್ದಳು. ಬದುಕಿ ಉಳಿದವರು ಕಿವಿಯ ಓಲೆ, ಮೂಗಿನ ನತ್ತು, ಉಂಗುರ ಬಿಚ್ಚಿಕೊಟ್ಟು, ಎಲ್ಲವನ್ನೂ ಕರಗಿಸಿ ಆ ಪದಕ ಮಾಡಿಸಿ ಆಕೆಯ ಕೊರಳಿಗೆ ಹಾಕಿದ್ದರು. ಆಸ್ಪತ್ರೆಗೆ ನೂರು ತುಂಬುವ ಹೊತ್ತಿಗೆ ಒಂದು ಪುಸ್ತಕ ತರಬೇಕೆಂದು ಫೋಟೋಗ್ರಾಫರನನ್ನು ಕರೆಸಿದ್ದರು. ಸೋಮವಾರ ಅವನು ಪದಕದ ಫೋಟೋ ತೆಗೆದುಕೊಂಡು ಹೋಗಿದ್ದ. ಮಂಗಳವಾರ, ಬುಧವಾರ ಹಜಾರಕ್ಕೆ ಬಣ್ಣ ಬಳಿದರು. ಪೆಟ್ಟಿಗೆಯ ಮೇಲೆ ದಪ್ಪ ಹೊದಿಕೆ ಮುಚ್ಚಿತ್ತು. ಇವತ್ತು ಗುರುವಾರ ಹೊದಿಕೆ ತೆಗೆದರೆ ಹೀಗೆ.

ಅರ್ಧ ಗಂಟೆಯಲ್ಲಿ ಇನ್‌ಸ್ಪೆಕ್ಟರ್ ಮೇಡಂ ಬಂದರು. ಮಾತು ಕಡಿಮೆ, ನೋಟ ಜಾಸ್ತಿ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, "ಫೋಟೋದವ್ರು ಹೇಗೂ ಇಲ್ಲೇ ಇದೀರಲ್ಲ. ನಾಲ್ಕೂ ಕಡೆಯಿಂದ ಇದರ ಫೋಟೋ ತೆಗೆದುಕೊಡಿ," ಎಂದರು.

ಅವನು ಮುಕ್ಕಾಲಿಯನ್ನು ಸೋಮವಾರ ನಿಲ್ಲಿಸಿದ್ದ ಜಾಗದಲ್ಲೇ ನಿಲ್ಲಿಸಿದ. ನೆಲಕ್ಕೆ ಅಂಟಿಸಿದ್ದ ಟೇಪಿನ ಗುರುತುಗಳು ಬಣ್ಣದವರ ಓಡಾಟದಲ್ಲೂ ಹೇಗೋ ಉಳಿದಿದ್ದವು. ಗಾಜಿನ ಮೇಲೆ ಎದುರು ಕಿಟಕಿಯ ಹೊಳಪು ಬೀಳದಿರಲೆಂದು ಲೆನ್ಸಿನ ಮುಂದೆ ಕಪ್ಪು ಫಿಲ್ಟರ್ ತಿರುಗಿಸಿ ಹಾಕಿದ. ಕಣ್ಣಿಟ್ಟು ನೋಡಿದವನೇ ಹಲ್ಲು ಕಚ್ಚಿದ.

ಮತ್ತೆ ಅದೇ ಚುಕ್ಕೆಗಳು!

ಸೋಮವಾರವೂ ಇದೇ ಕಾಟ. ಬರಿಗಣ್ಣಿಗೆ ಗಾಜು ತಿಳಿನೀರಿನಂತೆ ಕಾಣುತ್ತಿತ್ತು. ಕ್ಯಾಮೆರಾದಲ್ಲಿ ನೋಡಿದರೆ ಗಾಜಿನ ತುಂಬ ಸಾಲುಸಾಲಾಗಿ ಮಬ್ಬು ಕಲೆಗಳು, ಚಿರತೆಯ ಮೈಮೇಲಿನಂತೆ. ಲೆನ್ಸ್ ಒರೆಸಿದರೂ ಹೋಗಲಿಲ್ಲ. ಗಾಜು ಒರೆಸಿದರೂ ಹೋಗಲಿಲ್ಲ. ಪುಸ್ತಕದವರಿಗೆ ಆ ಫೋಟೋಗಳನ್ನು ಕೊಡಲು ನಾಚಿಕೆಯಾಗಿ, ಇವತ್ತು ಮತ್ತೊಮ್ಮೆ ತೆಗೆಯೋಣವೆಂದೇ ಬಂದಿದ್ದ. ಹತ್ತು ವರ್ಷ ಅನ್ನ ಹಾಕಿದ ಲೆನ್ಸ್ ಕೈಕೊಟ್ಟಿತೇ? ಬೇಸರದಲ್ಲೇ ನಾಲ್ಕೂ ಕಡೆಯಿಂದ ಟಕಟಕನೆ ಒತ್ತಿ ಮುಗಿಸಿದ.

*

ವಿಚಾರಣೆ ಮ್ಯಾನೇಜರ್ ರೂಮಿನಲ್ಲಿ ನಡೆಯಿತು. ಫೋಟೋಗ್ರಾಫರನನ್ನೂ ಅಲ್ಲೇ ಕೂರಿಸಿದ್ದರು. ಮ್ಯಾನೇಜರ್ ನೀಟಾದ ಮನುಷ್ಯ. ಮೇಜಿನ ಮೇಲೆ ಪೆನ್ನುಗಳು ಸಿಪಾಯಿಗಳಂತೆ ಸಾಲಾಗಿ ನಿಂತಿರುತ್ತಿದ್ದವು. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಮುಂದಿನ ವಾರ ಹೊರಡುವವರಿದ್ದರು.

"ಸೆಕೆ," ಎಂದು ಇನ್‌ಸ್ಪೆಕ್ಟರ್ ಫ್ಯಾನ್ ಹಾಕಿಸಿದರು. ಗೋಡೆಯ ನೋಟೀಸ್ ಬೋರ್ಡಿನ ಕಾಗದಗಳು ಪಟಪಟ ಎಂದವು. ಮ್ಯಾನೇಜರ್ ಎದ್ದುಹೋಗಿ ಎರಡು ಗುಂಡುಪಿನ್ನು ಒತ್ತಿ ಬಂದು ಕೂತರು.

"ಪೆಟ್ಟಿಗೆಗೆ ಎಷ್ಟು ಕೀ?"

"ಎರಡು ಮೇಡಂ. ಒಂದು ದೊಡ್ಡ ಡಾಕ್ಟ್ರ ಮನೆ ತಿಜೋರಿಯಲ್ಲಿ. ಅವರು ಶನಿವಾರದಿಂದ ಊರಲ್ಲಿರಲಿಲ್ಲ, ಈಗಷ್ಟೇ ಬಂದಿದಾರೆ. ಇನ್ನೊಂದು..." ಮ್ಯಾನೇಜರ್ ಬೀಗದಕ್ಕನ ಕಡೆ ನೋಡಿದರು. "ಹೇಳೋಕೆ ಸಂಕಟ ಆಗುತ್ತೆ. ಇನ್ನೊಂದು ಇವರ ಸೊಂಟದಲ್ಲೇ ಇರುತ್ತೆ."

"ಮೂವತ್ತೊಂದು ವರ್ಷದಿಂದ ಇದೆ," ಎಂದರು ಬೀಗದಕ್ಕ. ಅವರು ಈ ಆಸ್ಪತ್ರೆಯ ಹಿರಿಯ ಆಯಾ. ಔಷಧಿ ಕೋಣೆಯಿಂದ ಹಿಡಿದು ನೀರಿನ ಟ್ಯಾಂಕಿನವರೆಗೆ ಎಲ್ಲದರ ಬೀಗದ ಕೀ ಅವರ ಬಳಿಯೇ ಇದ್ದುದರಿಂದ ಎಲ್ಲರ ಬಾಯಲ್ಲೂ ಬೀಗದಕ್ಕ ಆಗಿದ್ದರು.

"ಕೀಯನ್ನ ಯಾರಿಗಾದ್ರೂ ಕೊಟ್ಟಿದ್ರಾ?"

"ಇಲ್ಲ."

"ಎಲ್ಲಾದ್ರೂ ಬಿಟ್ಟು ಹೋಗಿದ್ರಾ? ಸ್ನಾನಕ್ಕೆ ಹೋದಾಗ? ನಿದ್ದೆ ಮಾಡುವಾಗ?"

"ಇಲ್ಲಮ್ಮ. ಬಿಟ್ಟಿದ್ದೆ ಅಂದ್ರೆ ನಾನು ಬಚಾವಾಗಬಹುದು ಅಂತ ಗೊತ್ತು. ಆದ್ರೆ ಬಿಟ್ಟಿರಲಿಲ್ಲ."

ಇನ್‌ಸ್ಪೆಕ್ಟರ್ ತಲೆಯೆತ್ತಿ ಅವರನ್ನು ಒಂದು ಕ್ಷಣ ನೋಡಿದರು. ಆಮೇಲೆ ಬಣ್ಣದ ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿಯ ಹುಬ್ಬಿನ ಮೇಲೂ ಸುಣ್ಣದ ಹನಿ ಒಣಗಿತ್ತು.

"ಹಜಾರದಲ್ಲಿ ಎರಡು ದಿನ ಯಾರ್ಯಾರಿದ್ರಿ?"

"ನಾನು, ನಮ್ಮ ನಾಲ್ಕು ಜನ. ಬೆಳಗ್ಗೆ ಮ್ಯಾನೇಜರ್ ಸಾಹೇಬ್ರು ಬಾಗಿಲು ತೆಗೀತಿದ್ರು, ಐದೂವರೆಗೆ ನಾವು ಹೋದ್ಮೇಲೆ ಅವರೇ ಹಾಕ್ತಿದ್ರು. ಬುಧವಾರ ಊಟದ ಹೊತ್ತಲ್ಲಿ ಈಯಮ್ಮ ಒಂದ್ಸಲ ಬಂದು ಹೊದಿಕೆ ಸರಿಮಾಡಿ ಹೋದ್ರು."

"ಒಬ್ಬರೇ?" ಎಂದು ಮ್ಯಾನೇಜರ್ ನಡುವೆ ಬಾಯಿಹಾಕಿದರು.

"ಒಬ್ಬರೇ. ಆದ್ರೆ ಮೇಡಂ, ಕಳ್ಳತನದ ವಿಷಯ ಬಂತು ಅಂತ ಹೇಳ್ತೀನಿ, ನನ್ನ ಸಾಮಾನನ್ನೂ ಯಾರೋ ಮುಟ್ಟಿದಾರೆ. ಕಿಟಕಿ ಗಾಜು ಕತ್ತರಿಸೋ ಕಟರ್ ಮಂಗಳವಾರ ಸಂಜೆ ಕಿಟಕಿ ಮೇಲಿಟ್ಟು ಹೋಗಿದ್ದೆ. ಬುಧವಾರ ಬಂದು ನೋಡಿದ್ರೆ ಬಣ್ಣದ ಡಬ್ಬದಲ್ಲಿ ಬಿದ್ದಿದೆ! ಅದನ್ನ ಡಬ್ಬಕ್ಕೆ ಹಾಕ್ತಾರಾ ಯಾರಾದ್ರೂ?"

"ನಿನ್ನ ಕಟರ್ ಪುರಾಣ ಆಮೇಲೆ ಹೇಳಪ್ಪ," ಎಂದರು ಮ್ಯಾನೇಜರ್. "ಮೇಡಂ, ಗೇಟಲ್ಲಿ ಸೆಕ್ಯೂರಿಟಿಯವರು ಹೋಗೋರೆಲ್ಲರ ಚೀಲ ತಡಕ್ತಾರೆ. ಲೋಹ ಇದ್ರೆ ಕೂಗೋ ಕೋಲನ್ನ ಮೈಮೇಲೆ ಆಡಿಸ್ತಾರೆ. ನನ್ನನ್ನೂ ಬಿಡಲ್ಲ. ಅಂದ್ರೆ ಪದಕ ಇನ್ನೂ ಆಸ್ಪತ್ರೆ ಒಳಗೇ ಇರಬೇಕು. ಇಲ್ಲೇ ಹಿಂದುಗಡೆ ಕ್ವಾರ್ಟರ್ಸ್‌ನಲ್ಲಿ ವಾಸ ಇರೋರು ಒಬ್ಬರೇ... ನಾನು ಹೆಸರು ಹೇಳಲ್ಲ."

ಹೇಳುವ ಅಗತ್ಯವೂ ಇರಲಿಲ್ಲ. ಬೀಗದಕ್ಕನ ಒಂದೇ ಕೋಣೆಯ ಮನೆಯನ್ನು ಪೊಲೀಸರು ಮಗುಚಿ ಹಾಕಿದರು. ಏನೂ ಸಿಗಲಿಲ್ಲ. ಸಿಗಲಿಲ್ಲವೆಂದು ಅನುಮಾನವೇನೂ ಕಡಿಮೆಯಾಗಲಿಲ್ಲ.

*

ಫೋಟೋಗ್ರಾಫರ್ ಹೊರಡುವ ಹೊತ್ತಿಗೆ ಬೀಗದಕ್ಕ ಮಕ್ಕಳ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಸೊಂಟದಲ್ಲಿ ಗೊಂಚಲು ಇರಲಿಲ್ಲ. ಇನ್‌ಸ್ಪೆಕ್ಟರ್ ತೆಗೆದುಕೊಂಡಿದ್ದರು. ನರ್ಸುಗಳು ಮಾತಾಡಿಸಲು ಮುಜುಗರಪಟ್ಟು ಬಗ್ಗಿಸಿದ ತಲೆ ಎತ್ತದೆ ಹಾದುಹೋಗುತ್ತಿದ್ದರು.

ಅವನು ಪಕ್ಕದಲ್ಲಿ ಕೂತ. ಒಂಬತ್ತು ವರ್ಷದಿಂದ ಹೇಳಬೇಕೆಂದಿದ್ದ ಮಾತೊಂದು ಅವನ ಬಾಯಲ್ಲಿತ್ತು.

"ಅಕ್ಕ, ನಿಮಗೆ ನನ್ನ ನೆನಪಿದ್ಯಾ? ಒಂಬತ್ತು ವರ್ಷದ ಹಿಂದೆ ನನ್ನ ಹೆಂಡ್ತಿಗೆ ಇಲ್ಲೇ ಹೆರಿಗೆ ಆಯ್ತು. ಏಳನೇ ತಿಂಗಳಿಗೇ ಹುಟ್ಟಿದ ಮಗು, ಅಂಗೈ ಅಗಲ. ಮಗುವನ್ನ ಬೆಚ್ಚಗಿಡೋ ಪೆಟ್ಟಿಗೆ ಖಾಲಿ ಇರಲಿಲ್ಲ. ನನ್ನ ಹೆಂಡ್ತಿಗೆ ಪ್ರಜ್ಞೆ ಇರಲಿಲ್ಲ. ನೀವು ಆ ಕೂಸನ್ನ ಸೆರಗಿನೊಳಗೆ ಎದೆಗೆ ಅವುಚಿಕೊಂಡು ಬೆಳಗ್ಗೆಯಿಂದ ಸಂಜೆವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಅದು ಈಗ ನಾಲ್ಕನೇ ಕ್ಲಾಸು. ಬಾಯಿ ಮುಚ್ಚಲ್ಲ."

ಬೀಗದಕ್ಕ ಅವನ ಮುಖವನ್ನೇ ನೋಡಿದರು. ನೆನಪಿಸಿಕೊಳ್ಳಲು ಪಾಪ, ಬಹಳ ಪ್ರಯತ್ನ ಪಟ್ಟರು.

"ಇಲ್ಲ ಕಣಪ್ಪ," ಎಂದರು ಕೊನೆಗೆ. "ಅಂಥ ಕೂಸು ಎಷ್ಟೋ ಬಂದ್ವು. ಯಾವುದು ನಿಂದು ಅಂತ ಹೇಗೆ ಹೇಳ್ಲಿ? ಚೆನ್ನಾಗಿದ್ಯಲ್ಲ, ಅಷ್ಟು ಸಾಕು."

ತಾನು ಒಂಬತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದು ಈಕೆಗೆ ಒಂದು ದಿನದ ಕೆಲಸ, ಅಷ್ಟೇ. ಇಂಥವರ ಸೊಂಟದಿಂದ ಗೊಂಚಲು ಬಿಚ್ಚಿಸಿಕೊಂಡರಲ್ಲ! ಏನಾದರೂ ಮಾಡಬೇಕು. ಏನು ಮಾಡುವುದು? ತನ್ನ ಕೈಯಲ್ಲಿರುವುದು ಒಂದು ಹಾಳಾದ ಲೆನ್ಸು.

ಅದನ್ನೇ ಎತ್ತಿಕೊಂಡು ಭೂತಗನ್ನಡಿ ತಾತನ ಅಂಗಡಿಗೆ ಹೋದ.

*

ಎಪ್ಪತ್ತು ದಾಟಿದ ಆ ಮುದುಕರು ಐವತ್ತು ವರ್ಷದಿಂದ ಕ್ಯಾಮೆರಾ ರಿಪೇರಿ ಮಾಡುತ್ತಿದ್ದರು. ಬಲಗಣ್ಣಿಗೆ ಸದಾ ಒಂದು ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡಿರುತ್ತಿದ್ದರಾಗಿ ಅದೇ ಹೆಸರು ಅಂಟಿಕೊಂಡಿತ್ತು.

"ಏನಪ್ಪಾ, ಮುಖ ಯಾಕೆ ಹಂಗಿದೆ? ಕ್ಯಾಮೆರಾ ಕೆಟ್ಟಿದ್ಯೋ, ನೀನು ಕೆಟ್ಟಿದ್ಯೋ?"

"ಎರಡೂ, ತಾತ. ಲೆನ್ಸಿಗೆ ಬೂಷ್ಟು ಹಿಡಿದಿದೆ ಅನ್ಸುತ್ತೆ."

ತಾತ ಲೆನ್ಸನ್ನು ಬೆಳಕಿಗೆ ಹಿಡಿದರು. ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು. "ಬೂಷ್ಟೂ ಇಲ್ಲ, ಗೀಷ್ಟೂ ಇಲ್ಲ. ಮದುಮಗಳ ಕೆನ್ನೆ ಹಂಗಿದೆ. ಏನು ಕಾಣ್ತು?"

ಅವನು ಸೋಮವಾರದ ಫೋಟೋಗಳನ್ನು ತೋರಿಸಿದ. ತಾತ ಸುಮ್ಮನೆ ಒಂದೊಂದಾಗಿ ಸರಿಸಿ ನೋಡಿದರು.

"ಲೆನ್ಸಲ್ಲಿ ದೋಷ ಇದ್ರೆ ಫೋಟೋ ತುಂಬ ಇರಬೇಕು. ನೋಡು, ಗೋಡೆ ಮೇಲಿಲ್ಲ, ನೆಲದ ಮೇಲಿಲ್ಲ. ಗಾಜಿನ ಮೇಲೆ ಮಾತ್ರ ಯಾಕೆ?"

"ಅದೇ ತಲೆಬುಡ ಅರ್ಥ ಆಗ್ತಿಲ್ಲ."

"ಫಿಲ್ಟರ್ ತಿರುಗಿಸಿದಾಗ ಚುಕ್ಕೆ ಹೆಚ್ಚುಕಡಿಮೆ ಆಗ್ತಿತ್ತಾ?"

"ಹೌದು! ನಿಮಗೆ ಹೇಗೆ ಗೊತ್ತು?"

"ಇವತ್ತು ತೆಗೆದಿದ್ದು ತೋರಿಸು. ಅದೇ ಜಾಗವೋ? ಅದೇ ಹೊತ್ತೋ?"

"ಅದೇ ಟೇಪಿನ ಗುರುತು. ಹೆಚ್ಚುಕಡಿಮೆ ಅದೇ ಹೊತ್ತು."

ಮುಂದಿನ ಗಾಜು ಬಂತು, ಚುಕ್ಕೆ. ಬಲಗಡೆಯದು, ಚುಕ್ಕೆ. ಎಡಗಡೆಯದು...

ತಾತ ಭೂತಗನ್ನಡಿ ತೆಗೆದು, ಅಂಗಿಯಲ್ಲಿ ಒರೆಸಿ, ಮತ್ತೆ ಸಿಕ್ಕಿಸಿಕೊಂಡರು. "ಸೋಮವಾರದ್ದು ಎಡಗಡೆ ಮತ್ತೊಮ್ಮೆ ತೆಗಿ."

ತೆಗೆದ. ಸೋಮವಾರ ಎಡಗಡೆಯ ಗಾಜಿನ ತುಂಬ ಚುಕ್ಕೆಗಳು. ಗುರುವಾರ ಒಂದೂ ಇಲ್ಲ.

"ಈ ಪೆಟ್ಟಿಗೆಯಲ್ಲಿ ಏನಿತ್ತು?"

ಫೋಟೋಗ್ರಾಫರ್ ಎಲ್ಲವನ್ನೂ ಹೇಳಿದ. ಬೀಗ, ಎರಡು ಕೀ, ವಿಚಾರಣೆ, ಬೆಂಚಿನ ಮೇಲೆ ಕೂತ ಬೀಗದಕ್ಕ. ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿ ಬಂತು. ತಾತ ಅವನಿಗೆ ನೀರು ಕೊಟ್ಟು, "ಅಳೋದು ಆಮೇಲೆ. ವಿಚಾರಣೆ ನಡೀತಲ್ಲ, ಆ ರೂಮಲ್ಲಿ ಏನೇನಾಯ್ತು? ಚಿಕ್ಕದು ದೊಡ್ಡದು ಅಂತ ಆರಿಸಬೇಡ. ಕಂಡಿದ್ದನ್ನೆಲ್ಲ ಹೇಳು," ಎಂದರು.

ಅವನು ಹೇಳಿದ: ಸಾಲಾಗಿ ನಿಂತ ಪೆನ್ನುಗಳು, ಮೇಸ್ತ್ರಿಯ ಕಟರ್ ಜಗಳ, ಫ್ಯಾನ್ ಹಾಕಿದ್ದು, ಕಾಗದ ಪಟಪಟ ಎಂದಿದ್ದು, ಗುಂಡುಪಿನ್ನು ಒತ್ತಿದ್ದು...

"ನಿಲ್ಲು. ಆ ರೂಮಿನ ಫೋಟೋ ಇದ್ಯಾ?"

"ಸೋಮವಾರ ಮ್ಯಾನೇಜರ್ ಕುರ್ಚಿಯಲ್ಲಿ ಕೂತಿದ್ದು ಒಂದಿದೆ, ಪುಸ್ತಕಕ್ಕೆ ಅಂತ."

ತಾತ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಮ್ಯಾನೇಜರ್ ಮುಖವನ್ನಲ್ಲ, ಅವರ ಬೆನ್ನ ಹಿಂದಿನ ಗೋಡೆಯನ್ನು. ತುಂಬ ಹೊತ್ತು ನೋಡಿದರು. ಆಮೇಲೆ ಅಂಗಡಿಯ ಬಾಗಿಲೆಳೆದು, "ಸ್ಕೂಟರ್ ತಂದಿದ್ಯಾ? ನಡಿ. ನಿನ್ನ ಲ್ಯಾಪ್‌ಟಾಪೂ ತಗೋ. ಮೊದಲು ಆ ಇನ್‌ಸ್ಪೆಕ್ಟರಮ್ಮನಿಗೆ ಫೋನ್ ಮಾಡಿ ಹೇಳು: ಬಣ್ಣದವರ ಕಸದ ಡ್ರಮ್ಮನ್ನ ಯಾರೂ ಆಚೆ ಸಾಗಿಸಬಾರದು," ಎಂದರು.

*

ಸಂಜೆ ನಾಲ್ಕಕ್ಕೆ ಹಜಾರದಲ್ಲಿ ಎಲ್ಲರೂ ಸೇರಿದರು. ಇನ್‌ಸ್ಪೆಕ್ಟರ್, ದೊಡ್ಡ ಡಾಕ್ಟ್ರು, ಮ್ಯಾನೇಜರ್, ಮೇಸ್ತ್ರಿ. ಬೀಗದಕ್ಕ ಕಂಬದ ಪಕ್ಕ ನಿಂತಿದ್ದರು. ಕೂರಲು ಯಾರೂ ಹೇಳಿರಲಿಲ್ಲ.

"ಅಮ್ಮ, ನೀವು ಕೂತ್ಕೊಳ್ಳಿ," ಎಂದು ತಾತನೇ ಕುರ್ಚಿ ಎಳೆದು ಹಾಕಿದರು. "ನಿಮ್ಮ ಕೀಗೂ ಈ ಕಳ್ಳತನಕ್ಕೂ ಸಂಬಂಧ ಇಲ್ಲ."

"ಅದನ್ನ ತೀರ್ಮಾನ ಮಾಡೋಕೆ ಇವರ್ಯಾರು?" ಎಂದರು ಮ್ಯಾನೇಜರ್.

"ಮಾತಾಡ್ಲಿ ಬಿಡಿ," ಎಂದರು ಇನ್‌ಸ್ಪೆಕ್ಟರ್.

ತಾತ ಪೆಟ್ಟಿಗೆಯ ಹಿಂಬಾಗಿಲು ತೆಗೆಸಿ, ಲ್ಯಾಪ್‌ಟಾಪನ್ನು ಒಳಗಿಟ್ಟು ಪರದೆಯನ್ನು ಪೂರ್ತಿ ಬಿಳಿ ಮಾಡಿಸಿದರು. ಪರದೆಯನ್ನು ಮುಂದಿನ ಗಾಜಿಗೆ ಮುಖ ಮಾಡಿ ನಿಲ್ಲಿಸಿ, ಕಪ್ಪು ಫಿಲ್ಟರನ್ನು ದೊಡ್ಡ ಡಾಕ್ಟ್ರ ಕೈಗೆ ಕೊಟ್ಟರು.

"ಇದರ ಮೂಲಕ ನೋಡಿ ಸರ್. ನಿಧಾನಕ್ಕೆ ತಿರುಗಿಸ್ತಾ ಹೋಗಿ."

"ಅರೆ! ಏನಿದು, ಗಾಜಿನ ತುಂಬ ಚುಕ್ಕೆ?"

"ಇದು ಕಾಯಿಸಿ ಗಟ್ಟಿ ಮಾಡಿದ ಗಾಜು. ಕಾರಿಗೆ, ಇಂಥ ಪೆಟ್ಟಿಗೆಗೆಲ್ಲ ಹಾಕ್ತಾರೆ. ಕೆಂಪಗೆ ಕಾಯಿಸಿ, ಸಾಲುಸಾಲು ಕೊಳವೆಗಳಿಂದ ಒಟ್ಟಿಗೇ ತಣ್ಣನೆ ಗಾಳಿ ಊದ್ತಾರೆ. ಗಾಳಿ ಬಿದ್ದ ಜಾಗಗಳಲ್ಲಿ ಗಾಜು ಬೇಗ ಬಿಗಿಯುತ್ತೆ. ಆ ಬಿಗಿತ ಒಳಗೇ ಉಳಿಯುತ್ತೆ. ಬರಿಗಣ್ಣಿಗೆ ಕಾಣಲ್ಲ. ಒಂದೇ ದಿಕ್ಕಲ್ಲಿ ಬಾಚಿದಂಥ ಬೆಳಕು ಗಾಜಿನ ಒಳಗಿಂದ ಬಂದು, ಮುಂದೆ ಇಂಥ ಫಿಲ್ಟರ್ ಇದ್ರೆ ಮಾತ್ರ ಕಾಣುತ್ತೆ. ಈ ಪರದೆಯ ಬೆಳಕು ಅಂಥದ್ದು. ನೀಲಿ ಆಕಾಶದ ಬೆಳಕೂ ಸ್ವಲ್ಪ ಹಾಗೇ ಇರುತ್ತೆ. ಅದಕ್ಕೇ ಆ ಕಿಟಕಿ ಎದುರು ನಿಂತ ಇವನ ಕ್ಯಾಮೆರಾಕ್ಕೆ ಕಂಡಿದ್ದು. ಪಾಪ, ಲೆನ್ಸ್ ಕೆಟ್ಟಿದೆ ಅಂತ ಒದ್ದಾಡ್ತಿದ್ದ."

ಪರದೆಯನ್ನು ಬಲಕ್ಕೆ ತಿರುಗಿಸಿದರು. ಅಲ್ಲೂ ಚುಕ್ಕೆ. ಎಡಕ್ಕೆ ತಿರುಗಿಸಿದರು.

"ಇಲ್ಲಿ ಏನೂ ಇಲ್ಲ," ಎಂದರು ದೊಡ್ಡ ಡಾಕ್ಟ್ರು.

ಇನ್‌ಸ್ಪೆಕ್ಟರ್ ಫಿಲ್ಟರ್ ಇಸಿದುಕೊಂಡು ತಾವೂ ನೋಡಿದರು. "ಅಂದ್ರೆ ಈ ಗಾಜು ಬೇರೆ?"

"ಸೋಮವಾರ ಇಲ್ಲೂ ಚುಕ್ಕೆ ಇತ್ತು, ಫೋಟೋ ಇದೆ. ಇವತ್ತಿಲ್ಲ. ನಡುವೆ ಯಾರೋ ಗಾಜು ಬದಲಾಯಿಸಿದಾರೆ. ಕೀ ಇದ್ದೋರಿಗೆ ಗಾಜಿನ ಗೊಡವೆ ಯಾಕೆ ಮೇಡಂ? ಬೀಗ ತೆಗೆದು ಎತ್ಕೊಂಡು ಹೋಗ್ತಿದ್ರು. ಗಾಜಿಗೆ ಕೈಹಾಕಿದೋನ ಹತ್ರ ಕೀ ಇರಲಿಲ್ಲ!"

ಕುರ್ಚಿಯ ಮೇಲಿದ್ದ ಬೀಗದಕ್ಕ ಸೆರಗನ್ನು ಬಾಯಿಗೊತ್ತಿಕೊಂಡರು.

"ಗಾಜು ಹಿಡಿದಿರೋ ಈ ಮರದ ಪಟ್ಟಿ ನೋಡಿ. ಬಲಗಡೆ ಸ್ಕ್ರೂಗಳ ಗೀರಲ್ಲಿ ಹಳೇ ಪಾಲಿಶ್ ಕೂತಿದೆ. ಎಡಗಡೆ ಗೀರುಗಳು ಹೊಳೀತಿವೆ. ಕಳ್ಳನ ಲೆಕ್ಕಾಚಾರ ಸುಲಭದ್ದು. ಸ್ಕ್ರೂ ಬಿಚ್ಚೋದು, ಗಾಜು ಸರಿಸೋದು, ಪದಕ ತೆಗೆದು ಅದೇ ಗಾಜನ್ನ ಮತ್ತೆ ಕೂರಿಸೋದು. ಆದ್ರೆ ಇಂಥ ಗಾಜಿಗೆ ಒಂದು ಗುಣ ಇದೆ. ನಡುವೆ ಗುದ್ದಿದ್ರೆ ತಡ್ಕೊಳ್ಳುತ್ತೆ. ಅಂಚಿಗೆ ಸ್ಕ್ರೂಡ್ರೈವರ್ ಮೊನೆ ತಾಗಿದ್ರೆ ಪೂರ್ತಿ ಗಾಜೇ ಕಲ್ಲುಸಕ್ಕರೆ ಥರ ಪುಡಿಪುಡಿ!"

"ಸಿಕ್ಕಿತು," ಎಂದರು ಇನ್‌ಸ್ಪೆಕ್ಟರ್. ಕಾನ್‌ಸ್ಟೇಬಲ್ ಒಂದು ಚೀಲ ತೆರೆದು ತೋರಿಸಿದರು. ಬಣ್ಣದವರ ಕಸದ ಡ್ರಮ್ಮಿನಲ್ಲಿ, ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿದ್ದ ಗಾಜಿನ ಹರಳುಗಳು.

"ನಮ್ಮ ಡ್ರಮ್ಮಾ?" ಮೇಸ್ತ್ರಿ ಬೆಚ್ಚಿದ. "ದೇವರಾಣೆ ನಾನಲ್ಲ!"

"ನೀನಲ್ಲ ಮಾರಾಯ, ಕೂತ್ಕೋ. ನಿನ್ನ ಹತ್ರ ಯಾವ ಗಾಜಿತ್ತು?"

"ಬಚ್ಚಲುಮನೆ ಕಿಟಕಿಗೆ ಹಾಕೋ ಮಬ್ಬು ಗಾಜು. ಆಚೆಯದು ಕಾಣಲ್ವಲ್ಲ, ಅದು."

"ಅದನ್ನ ಇಲ್ಲಿ ಹಾಕೋಕೆ ಆಗಲ್ಲ. ಕಳ್ಳನಿಗೆ ಆ ಸಂಜೆಯೇ ತಿಳಿಗಾಜು ಬೇಕು. ಬೆಳಗ್ಗೆ ಐದು ಜನ ಕೆಲಸಕ್ಕೆ ಬರ್ತಾರೆ. ಹೊದಿಕೆ ಜಾರಿದ್ರೆ ಕಥೆ ಮುಗೀತು. ಅಂಗಡಿಯಿಂದ ತರಿಸಿದ್ರೆ ಗೇಟಿನವನು ನೋಡ್ತಾನೆ. ಅದಕ್ಕೇ ಕೈಗೆ ಹತ್ತಿರ ಇದ್ದ ಗಾಜನ್ನೇ ತಂದ. ಕಿಟಕಿ ಮೇಲಿದ್ದ ನಿನ್ನ ಕಟರಲ್ಲಿ ಅಳತೆಗೆ ಕತ್ತರಿಸಿದ. ಗಾಬರಿಯಲ್ಲಿ ಕಟರನ್ನ ಡಬ್ಬಕ್ಕೆ ಹಾಕಿದ. ಅದನ್ನ ನೀನು ಬೆಳಗ್ಗೆಯೇ ಹೇಳಿದ್ದೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

"ನಾನು ಹೇಳ್ಲಿಲ್ವಾ!" ಎಂದ ಮೇಸ್ತ್ರಿ, ಸುತ್ತ ಎಲ್ಲರನ್ನೂ ನೋಡಿ.

"ಸರಿ, ಆ ಗಾಜು ಎಲ್ಲಿಯದು?" ದೊಡ್ಡ ಡಾಕ್ಟ್ರು ಕೇಳಿದರು.

ತಾತ ಫೋಟೋಗ್ರಾಫರನ ಕಡೆ ತಿರುಗಿದರು. "ತೋರಿಸಪ್ಪ."

ಅವನು ಸೋಮವಾರದ ಫೋಟೋವನ್ನು ಪರದೆಯ ಮೇಲೆ ತಂದ. ಕುರ್ಚಿಯಲ್ಲಿ ಮ್ಯಾನೇಜರ್. ಬೆನ್ನ ಹಿಂದೆ ನೋಟೀಸ್ ಬೋರ್ಡು. ಬೋರ್ಡಿನ ಮೇಲೆ ಕಿಟಕಿಯ ಪ್ರತಿಬಿಂಬ ಹೊಳೆಯುತ್ತಿತ್ತು.

"ಹೊಳೀತಿದೆ ಅಂದ್ರೆ ಅಲ್ಲಿ ಗಾಜು ಇತ್ತು. ಜಾರಿಸೋ ಗಾಜು, ಸಾಧಾರಣದ್ದು. ಇವತ್ತು ಫ್ಯಾನ್ ಹಾಕಿದ ಕೂಡಲೇ ಬೋರ್ಡಿನ ಕಾಗದಗಳು ಪಟಪಟ ಅಂದ್ವಂತೆ. ಗಾಜಿನ ಹಿಂದಿರೋ ಕಾಗದಕ್ಕೆ ಗಾಳಿ ಎಲ್ಲಿಂದ ಬರುತ್ತೆ, ಮ್ಯಾನೇಜರ್ ಸಾಹೇಬ್ರೇ?"

ಎಲ್ಲರೂ ಮ್ಯಾನೇಜರ್ ಕಡೆ ತಿರುಗಿದರು.

ಮ್ಯಾನೇಜರ್ ನಗಲು ನೋಡಿದರು. ಹಣೆಯಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು. "ಆ ಗಾಜಾ? ಅದು... ಮಂಗಳವಾರ ಬೆಳಗ್ಗೆ ಕೈತಪ್ಪಿ ಒಡೆದುಹೋಯ್ತು. ಗುಡಿಸಿ ಹಾಕಿಸ್ದೆ."

"ಯಾರು ಗುಡಿಸಿದ್ರು ಸರ್?"

ಕೇಳಿದ್ದು ಬೀಗದಕ್ಕ. ಕುರ್ಚಿಯಿಂದ ಎದ್ದು ನಿಂತಿದ್ದರು. "ಆ ರೂಮು ದಿನಾ ಗುಡಿಸೋಳು ನಾನು. ಮಂಗಳವಾರ ಎರಡು ಸಲ ಗುಡಿಸಿದೀನಿ. ಒಂದು ಚೂರು ಗಾಜೂ ಸಿಗಲಿಲ್ಲ. ಬೋರ್ಡಿಗೆ ಗಾಜೂ ಇತ್ತು, ನಾನೇ ಒರೆಸಿದೆ. ಬುಧವಾರದಿಂದ ನೀವೇ ಗುಡಿಸೋದು ಬೇಡ ಅಂದಿದ್ರಿ."

ಮ್ಯಾನೇಜರ್ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

ಇನ್‌ಸ್ಪೆಕ್ಟರ್ ಎದ್ದರು. ಎಲ್ಲರೂ ಹಿಂದೆ ಹೋದರು. ಮ್ಯಾನೇಜರ್ ರೂಮಿನ ಬೀರುವಿನ ನೆತ್ತಿಯ ಮೇಲೆ, ಹಳೇ ಫೈಲುಗಳ ಹಿಂದೆ, ಕತ್ತರಿಸಿ ಉಳಿದ ಗಾಜಿನ ಪಟ್ಟಿಯೊಂದು ಸಿಕ್ಕಿತು. ಅದನ್ನು ಪೆಟ್ಟಿಗೆಯ ಎಡಗಡೆಯ ಗಾಜಿಗೆ ಜೋಡಿಸಿದರೆ ಬೋರ್ಡಿನ ಅಳತೆ ಸರಿಯಾಗುತ್ತಿತ್ತು. ಬೋರ್ಡಿಗೆ ಬಡಿದಿದ್ದ ಹಸಿರು ಬಟ್ಟೆಯ ಒಂದು ಮೂಲೆ ಸಡಿಲವಾಗಿತ್ತು. ಕಾನ್‌ಸ್ಟೇಬಲ್ ಅದರ ಹಿಂದೆ ಎರಡು ಬೆರಳು ತೂರಿಸಿ ಹೊರಗೆಳೆದಾಗ ಪದಕ ಬಂತು. ಇಡೀ ವಿಚಾರಣೆ ನಡೆದಾಗ ಅದು ಅವರೆಲ್ಲರ ಕಣ್ಣೆದುರಿನ ಗೋಡೆಯ ಮೇಲೇ ಇತ್ತು.

"ಗುಂಡುಪಿನ್ನು ತುಂಬಿದ ಬೋರ್ಡು, ಗೇಟಲ್ಲಿ ಕೋಲು ಕೂಗಿದ್ರೂ ಯಾರಿಗೂ ಅನುಮಾನ ಬರಲ್ಲ. ನಿಮ್ಮ ಸಾಮಾನು ಸಾಗಿಸೋ ದಿನ ಬೋರ್ಡಿನ ಸಮೇತ ಹೊರಗೆ ಹೋಗಬೇಕಿತ್ತು, ಅಲ್ವಾ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

ಮ್ಯಾನೇಜರ್ ಕುಸಿದು ಕೂತರು. "ಹಳೇ ವಸ್ತು ಕೊಳ್ಳೋನೊಬ್ಬ ಆರು ತಿಂಗಳಿಂದ ಹಿಂದೆ ಬಿದ್ದಿದ್ದ," ಎಂದರು. "ಬೀಗ ಮುರಿದ್ರೆ ಹಜಾರದ ಕೀ ಇರೋ ನನ್ನ ಮೇಲೂ ಬರುತ್ತೆ. ಮುರಿಯದೇ ಇದ್ರೆ..." ಅಲ್ಲಿಗೆ ನಿಲ್ಲಿಸಿದರು. ಬೀಗದಕ್ಕನ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ.

*

ದೊಡ್ಡ ಡಾಕ್ಟ್ರು ಕೀ ಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದು ಬೀಗದಕ್ಕನ ಮುಂದೆ ನಿಂತರು.

"ತಪ್ಪಾಯ್ತು. ನಾನಾದ್ರೂ ನಿಮ್ಮ ಪರವಾಗಿ ಒಂದು ಮಾತಾಡಬೇಕಿತ್ತು. ಇದನ್ನ ತಗೊಳ್ಳಿ."

ಬೀಗದಕ್ಕ ಕೂಡಲೇ ಕೈಚಾಚಲಿಲ್ಲ.

"ತಗೊಳ್ತೀನಿ ಸರ್. ಆದ್ರೆ ಈ ಪೆಟ್ಟಿಗೆಗೆ ಎರಡು ಬೀಗ ಹಾಕಿಸಿ. ಒಂದರ ಕೀ ನನ್ನ ಹತ್ರ, ಇನ್ನೊಂದರ ಕೀ ಬೇರೆ ಯಾರ ಹತ್ರಾನಾದ್ರೂ. ಇಬ್ಬರೂ ಬಂದ್ರೇನೇ ತೆಗೆಯೋ ಹಾಗಿರಲಿ. ಒಬ್ಬಳನ್ನೇ ನಂಬಿ ಇಟ್ರೆ, ಅನುಮಾನ ಬಂದಾಗಲೂ ಒಬ್ಬಳೇ ನಿಂತ್ಕೋಬೇಕಾಗುತ್ತೆ. ಇವತ್ತು ಅದನ್ನ ನೋಡಿದೆ."

ಡಾಕ್ಟ್ರು ತಲೆದೂಗಿದರು. ಅವರ ಕಣ್ಣಂಚು ಒದ್ದೆಯಾಗಿತ್ತು.

ಬೀಗದಕ್ಕ ತಾತನ ಬಳಿ ಬಂದರು. ಹೇಗೆ ಶುರುಮಾಡಬೇಕೆಂದು ತಿಳಿಯದೆ, ಎಣ್ಣೆ ಮೆತ್ತಿದ ಆ ಮುದಿ ಕೈಗಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ನನ್ನ ಮುಖಾನೂ ನೋಡದೇ ನನ್ನ ಮಾನ ಉಳಿಸಿದ್ರಿ, ಅಣ್ಣ. ನಾನೇನು ಕೊಡ್ಲಿ?"

"ನಾನೇ ನಿಮಗೆ ಕೊಡಬೇಕಮ್ಮ," ಎಂದರು ತಾತ. "ಎಲ್ಲರ ಕೈಗೂ ಫೋನ್ ಬಂದ್ಮೇಲೆ ಅಂಗಡಿಗೆ ಬರೋರೇ ಇಲ್ಲ. ಈ ತಿಂಗಳು ಮುಚ್ಚೋಣ, ಮುಂದಿನ ತಿಂಗಳು ಮುಚ್ಚೋಣ ಅಂತಿದ್ದೆ. ಐವತ್ತು ವರ್ಷ ಗಾಜು ನೋಡಿದ್ದು ಒಬ್ಬರಿಗೆ ಹೀಗೆ ಒದಗುತ್ತೆ ಅಂತ ಗೊತ್ತಿರಲಿಲ್ಲ. ಇವನು ಸೂಕ್ಷ್ಮದೋನು. ಬೇರೆ ಯಾರಾದ್ರೂ ಆಗಿದ್ರೆ ಚುಕ್ಕೆಗಳನ್ನ ಕಂಪ್ಯೂಟರಲ್ಲಿ ಒರೆಸಿ ಹಾಕ್ತಿದ್ರು."

ಫೋಟೋಗ್ರಾಫರ್ ನಾಲಿಗೆ ಕಚ್ಚಿ ನಕ್ಕ. ಸೋಮವಾರ ರಾತ್ರಿ ಅವನು ಹಾಗೇ ಮಾಡುವವನಿದ್ದ.

ಸರಿಯಾದ ಗಾಜು ಮಾಡಿಸಿ ತರಲು ನಾಲ್ಕು ದಿನ ಬೇಕಾಯಿತು. ಅಲ್ಲಿಯವರೆಗೆ, ಪೊಲೀಸರು ಗಾಜು ಒಯ್ದು ಎಡಗಡೆ ಖಾಲಿಯಿದ್ದ ಪೆಟ್ಟಿಗೆಯ ಪಕ್ಕದಲ್ಲಿ ಬೀಗದಕ್ಕ ಕುರ್ಚಿ ಹಾಕಿಕೊಂಡು ಕೂತರು. ಪದಕವನ್ನು ಲಾಕರಿನಲ್ಲಿಡೋಣವೆಂದರೆ, "ಬೇಡ, ಆಸ್ಪತ್ರೆಗೆ ನೂರು ವರ್ಷ ಅಂತ ಬರೋ ಜನ ನೋಡಲಿ," ಎಂದರು. ಆದರೆ ಆ ನಾಲ್ಕು ದಿನವೂ ಅವರು ಒಬ್ಬರೇ ಕೂರಲಿಲ್ಲ. ತಲೆ ಬಗ್ಗಿಸಿ ಹೋಗಿದ್ದ ನರ್ಸುಗಳು ಊಟದ ಡಬ್ಬಿ ತಂದು ಪಕ್ಕದಲ್ಲೇ ಕೂತು ಉಂಡರು. ಮೇಸ್ತ್ರಿ ಕೆಲಸ ಮುಗಿದ ಮೇಲೂ ಬಂದು, ತನ್ನ ಕಟರಿನ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಭಾನುವಾರ ಫೋಟೋಗ್ರಾಫರ್ ಮಗಳನ್ನು ಕರೆತಂದ. ಅವಳು ಎರಡು ಗಂಟೆ ಬಿಡುವಿಲ್ಲದೆ ಮಾತಾಡಿದಳು. ಬೀಗದಕ್ಕ ಅಷ್ಟನ್ನೂ ಕೇಳಿದರು.

ಕೊನೆಯ ದಿನ ಮಧ್ಯಾಹ್ನ ದೊಡ್ಡ ಡಾಕ್ಟ್ರು ಒಂದು ಮಡಚುವ ಕುರ್ಚಿ ಹಿಡಿದುಕೊಂಡು ಬಂದು, ಬಿಡಿಸಿ, ಪಕ್ಕದಲ್ಲಿ ಕೂತರು. ಮಕ್ಕಳ ವಾರ್ಡಿನಿಂದ ಒಬ್ಬಳು ನರ್ಸು ಓಡಿಬಂದು, ಈಗ ತಾನೇ ಒಂದು ಏಳು ತಿಂಗಳ ಕೂಸು ಹುಟ್ಟಿದೆ, ಬೆಚ್ಚಗೆ ಹಿಡಿಯಲು ಕೈ ಬೇಕು ಎಂದಳು.

ಬೀಗದಕ್ಕ ಎದ್ದು ಸೆರಗು ಸಿಕ್ಕಿಸಿಕೊಂಡರು. ಒಂದು ಕ್ಷಣ ಪದಕದ ಕಡೆ ನೋಡಿದರು.

"ಸರ್, ಇದನ್ನ ಸ್ವಲ್ಪ ನೋಡ್ಕೋತೀರಾ?"

"ಹೋಗಿ ಬನ್ನಿ," ಎಂದರು ಡಾಕ್ಟ್ರು. "ನಾನು ಇಲ್ಲೇ ಇರ್ತೀನಿ."